ಮಚ್ಚೆಯವಳ ಮರಿಗಳು

…ಸುಳ್ಳು ಯಾಕೆ ಹೇಳಲಿ ಅತ್ತೆ? ಮೀಸೆ ಬಂದಿದೆ ಅಂದ್ರೆ ಬಂದಿದೆ! ಇವತ್ತು ಬೆಳಿಗ್ಗೆ ಶೆಡ್ಡಿಗೆ ಹೋಗಿ ತೊಟ್ಟಿಗೆ ಬಗ್ಗಿ ನೋಡ್ತೀನಿ, ಒಂದೊಂದು ಮರಿಗೂ ಮೂತಿ ಸುತ್ತ ದಾರದ ಎಳೆ ಹಾಗೆ ಮೀಸೆ! ಇಷ್ಟೇ ಇಷ್ಟು ಜೀವ, ಗತ್ತು ನೋಡಿದ್ರೆ ಪೊಲೀಸ್ ಪೇದೆದು. ನಿಮ್ಮ ಮಗ ಕಾಲೇಜಿಗೆ ಹೋಗೋ ಕಾಲಕ್ಕೂ ಮೀಸೆ ಚಿಗುರಲಿಲ್ಲ ಅಂತ ಕನ್ನಡಿ ಮುಂದೆ ಎಣ್ಣೆ ತಿಕ್ಕೊಂಡು ನಿಂತಿರ್ತಿದ್ರಂತಲ್ಲ, ನೀವೇ ಹೇಳಿದ್ದು… ಯಾಕೆ ನಗ್ತೀರಿ? ನಗಬೇಡಿ, ಬೈತಲೆ ಸೊಟ್ಟ ಆಗತ್ತೆ. ತಲೆ ನೆಟ್ಟಗಿಡಿ. ಹಾಂ, ಹಾಗೆ.

ನೋಡಿದ್ರಾ? ಬೆಳಿಗ್ಗೆಯಿಂದ ಹಾಲು ಕುಡೀರಿ ಅಂದ್ರೆ ಗೋಡೆ ಕಡೆ ಮುಖ ಮಾಡೋರು, ಮೀನುಮರಿ ಅಂದ ತಕ್ಷಣ ಕಣ್ಣು ಇಷ್ಟಗಲ! ಡಾಕ್ಟರು ಹೇಳಿದ್ರಲ್ಲ, ಅವರಿಗೆ ಇಷ್ಟವಾದದ್ದನ್ನೇ ಮಾತಾಡ್ತಾ ಇರಿ, ಹೋದ ಮಾತು ನಿಧಾನಕ್ಕೆ ತಾನಾಗೇ ದಾರಿ ಹುಡುಕ್ಕೊಂಡು ಬರತ್ತೆ ಅಂತ. ಪಾಪ, ಅವರು ಅಂದ್ಕೊಂಡಿದ್ದು ಹಾಡು, ಸಿನಿಮಾ, ಪಕ್ಕದ ಮನೆ ಸುದ್ದಿ. 'ಡಾಕ್ಟ್ರೇ, ನಮ್ಮತ್ತೆಗೆ ಇಷ್ಟ ಅಂದ್ರೆ ಕ್ಯಾಟ್‌ಫಿಶ್ ಮರಿ' ಅಂದೆ. ಅವರ ಕನ್ನಡಕ ಮೂಗಿನ ತುದಿಗೆ ಜಾರಿತು!

ಎಡಗೈ ಕೊಡಿ ಇಲ್ಲಿ. ಹೌದು ಅಂದ್ರೆ ಅದುಮಿ, ಅಲ್ಲ ಅಂದ್ರೆ ಬೆರಳು ಆಡಿಸಿ. ಬಲಗೈ ತಂಟೆಗೆ ಹೋಗಬೇಡಿ, ಅದಿನ್ನೂ ಮಲಗಿದೆ, ಮಲಗಲಿ. ವ್ಯಾಯಾಮ ಮಾಡಿಸೋ ಅಕ್ಕ ಮಧ್ಯಾಹ್ನ ಬಂದು ಎಬ್ಬಿಸ್ತಾಳೆ. ಅವಳು ಬಂದ್ರೆ ನೀವು ನಿದ್ದೆ ನಟನೆ ಮಾಡ್ತೀರಿ ಅಂತ ದೂರು ಬಂದಿದೆ ನನ್ನ ಹತ್ರ… ಹೌದಾ? ಹೌದಾ ಅಲ್ವಾ? ನೋಡಿ, ಅದುಮಿದ್ರಿ! ಒಪ್ಕೊಂಡ್ರಿ!

ಏನು? ಹೊಟ್ಟೆನಾ? ಹೊಟ್ಟೆ ನೋವಾ? ಅಲ್ಲ… ಹಸಿವಾ? ಅಲ್ಲ… ಓ! ಮರಿಗಳ ಹೊಟ್ಟೆ! ಹಳದಿ ಗಂಟು ಪೂರ್ತಿ ಕರಗಿತಾ ಅಂತ ಕೇಳ್ತಿದ್ದೀರಾ? ಅಯ್ಯೋ, ಅದು ಯಾವಾಗಲೋ ಕರಗಿತು. ನೀವು ಬಿದ್ದ ದಿನವೇ ಚೂರುಪಾರು ಉಳಿದಿತ್ತಲ್ಲ. ಹುಟ್ಟುವಾಗ ಹೊಟ್ಟೆ ಕೆಳಗೆ ಕಟ್ಕೊಂಡು ಬಂದ ಬುತ್ತಿ, ಅದು ಇರೋ ತನಕ ಮೂಲೆ ಬಿಟ್ಟು ಕದಲಲ್ಲ, ಒಂದರ ಮೇಲೊಂದು ಬಿದ್ಕೊಂಡು ಕತ್ತಲಲ್ಲೇ ಇರ್ತವೆ. ಬುತ್ತಿ ಖಾಲಿ ಆದಾಗಲೇ ನಿಜವಾದ ಗಂಡಾಂತರ. ಬಾಯಿಗೆ ತಿನ್ನೋದು ಗೊತ್ತಾಗಬೇಕು, ಗೊತ್ತಾಗೋ ಹೊತ್ತಿಗೆ ಬಾಯಿ ಮುಂದೆ ಜೀವ ಇರೋ ಹುಳ ಓಡಾಡ್ತಿರಬೇಕು. ನೀವು ಕಲಿಸಿದ್ದೇ ಅತ್ತೆ, ಒಂದಕ್ಷರ ಮರೆತಿಲ್ಲ. ಆ ನೀರುಚಿಗಟದ ಹುಳ ಹಿಡಿಯೋಕೆ ನಾನೇ ಹೋದೆ ಕಾಲುವೆಗೆ. ತೆಳ್ಳನೆ ಬಟ್ಟೆಯಲ್ಲಿ ಸೋಸಿ, ದೊಡ್ಡ ದೊಡ್ಡವನ್ನ ಬಿಟ್ಟು, ಪುಡಿ ಪುಡಿ ಇರೋದನ್ನಷ್ಟೇ ಹಾಕಿದೆ. ಮೊಟ್ಟೆ ಬೇಯಿಸಿ ಉದುರಿಸಿದ್ರೆ ಸುಲಭ ಅಂದ್ರು ನಿಮ್ಮ ಮಗ. ನಾನು ಬಿಡಲಿಲ್ಲ. ನೀರು ಕೆಡತ್ತೆ, ಅತ್ತೆ ಎದ್ದು ಬಂದ್ರೆ ನಮ್ಮಿಬ್ಬರನ್ನೂ ತೊಟ್ಟಿಗೆ ಹಾಕ್ತಾರೆ ಅಂದೆ.

ಹಾಂ, ಹೀಗೆ ನಗ್ತಾ ಇರಿ. ನಕ್ಕಾಗ ಬಾಯಿ ಆ ಕಡೆ ಎಳೆಯೋದು ಮೊದಲಿಗಿಂತ ಕಮ್ಮಿ ಆಗಿದೆ, ಗೊತ್ತಾ? ಸುಮ್ಮನೆ ಹೇಳ್ತಿಲ್ಲ.

ನಾನು ಈ ಮನೆಗೆ ಬಂದಾಗ ನೆನಪಿದೆಯಾ? ಅತ್ತೆ ಅಂದ್ರೆ ಅಡುಗೆಮನೆ ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು, ಹಾಲಿಗೆ ಎಷ್ಟು ನೀರು ಹಾಕ್ದೆ ಅಂತ ಕೇಳೋರು ಅಂದ್ಕೊಂಡು ಎದೆ ಗಟ್ಟಿ ಮಾಡ್ಕೊಂಡು ಬಂದೆ. ನೋಡಿದ್ರೆ ಮೊಣಕಾಲುದ್ದದ ರಬ್ಬರ್ ಬೂಟು, ತಲೆಗೊಂದು ಹಳೇ ಟವಲು, ಕೈಯಲ್ಲಿ ಒದ್ದಾಡೋ ಮೀನು! 'ಬಂದ್ಯಾ? ಹಿಡ್ಕೊ ಇವಳನ್ನ, ಬಾಲ ಬಿಡಬೇಡ' ಅಂದ್ರಿ. ಹೊಸ ಸೊಸೆಗೆ ಆಡಿದ ಮೊದಲ ಮಾತು ಅದು! ನೀವು ಹೊಟ್ಟೆ ಅದುಮ್ತಾ ಬಂದ ಹಾಗೆ ಬೋಗುಣಿಗೆ ಹಸಿರು ಹಸಿರು ಮೊಟ್ಟೆ ಸುರಿದದ್ದು ನೋಡಿ ನಂಗೆ ತಲೆ ತಿರುಗಿತು. ಆಮೇಲೆ ಮೊಟ್ಟೆಗೆ ಬೆರೆಸೋ ಬೀಜಕ್ಕೆ ಅಂತ ಗಂಡು ಮೀನನ್ನ ಕುಯ್ದ್ರಿ ನೋಡಿ, ಅಷ್ಟೇ. ಕಣ್ಣು ಬಿಟ್ಟಾಗ ಶೆಡ್ಡಿನ ನೆಲದಲ್ಲಿ ಮಲಗಿದ್ದೆ. ನೀವು ಒಂದು ಕೈಯಲ್ಲಿ ಕೋಳಿಗರಿ ಹಿಡ್ಕೊಂಡು ಮೊಟ್ಟೆ ಕಲಸ್ತಾ, ಇನ್ನೊಂದು ಕೈಯಲ್ಲಿ ನಂಗೆ ಗಾಳಿ ಬೀಸ್ತಿದ್ರಿ. ಎರಡನ್ನೂ ಬಿಡಲಿಲ್ಲ.

ಅವಳೇ ತಾನೆ ಅವತ್ತು? ಮಚ್ಚೆಯವಳು? ಹೌದು… ಕಿವಿರಿನ ಹಿಂದೆ ಬಿಳೀ ಮಚ್ಚೆ. ಮಾವ ತೀರಿಕೊಂಡ ವರ್ಷ ತಂದ ಮರಿ ಅಂತ ಹೇಳ್ತಿದ್ರಿ. ಮಾವನ ಹತ್ರ ಆಡಬೇಕಾದ ಮಾತೆಲ್ಲ ಕೊಳದ ಕಟ್ಟೆ ಮೇಲೆ ಕೂತು ಅವಳ ಹತ್ರ ಆಡ್ತಿದ್ರಿ. ನಾನು ಕದ್ದು ಕೇಳಿಸ್ಕೊಂಡಿದ್ದೀನಿ ಬಿಡಿ! 'ನಿನ್ನ ಸೊಸೆ ಪರವಾಗಿಲ್ಲ, ಕೈ ಮೆತ್ತಗಿದೆ, ಮೊಟ್ಟೆ ಒಡೆಯಲ್ಲ' ಅಂತ ಒಂದು ದಿನ ಅಂದ್ರಿ. ಯಾರಿಗೆ ಅಂದ್ರೋ, ಮೀನಿಗೋ ಮಾವನಿಗೋ… ನನ್ನ ಮುಂದೆ ಮಾತ್ರ ಯಾವತ್ತೂ ಅನ್ನಲಿಲ್ಲ. ಜಿಪುಣಿ.

ಅಳಬೇಡಿ. ಅವಳಿಗೆ ವಯಸ್ಸಾಗಿತ್ತು ಅತ್ತೆ. ಕೊನೇ ಸಲ ಮೊಟ್ಟೆ ಕೊಟ್ಟು ಹೋದ್ಲು. ಹಿಂದಿನ ಮರಿಗಳೆಲ್ಲ ಯಾರ್ಯಾರದೋ ಕೊಳಕ್ಕೆ ಹೋದವು, ಈ ಸಲದ್ದು ಒಂದೂ ಹೊರಗೆ ಕೊಡಲ್ಲ, ಎಲ್ಲಾ ನಮ್ಮಲ್ಲೇ ಬೆಳೀಲಿ ಅಂದಿದ್ರಲ್ಲ… ಬೆಳೀತಿವೆ. ಬೆಳೀತಿವೆ ಅಂತ ತಾನೆ ಅವಾಗಿಂದ ಹೇಳ್ತಿರೋದು!

ಇನ್ನೊಂದು ಹೇಳೋದೇ ಮರೆತೆ. ಮೇಲೆ ಬರ್ತಿವೆ! ಗಾಳಿಗೆ! ನಿನ್ನೆಯಿಂದ. ಒಂದೊಂದೇ ಸರ್ರನೆ ಮೇಲೆ ಬಂದು, ಗುಳುಕ್ ಅಂತ ಉಸಿರು ಎಳ್ಕೊಂಡು ಮತ್ತೆ ಕೆಳಗೆ. ಮೊದಲು ಒಂದು, ಆಮೇಲೆ ಅಲ್ಲೊಂದು ಇಲ್ಲೊಂದು, ಆಮೇಲೆ ತೊಟ್ಟಿ ತುಂಬ ಮಳೆಹನಿ ಬಿದ್ದ ಹಾಗೆ! 'ಗಾಳಿ ಕುಡಿಯೋಕೆ ಕಲಿತ ಮೇಲೆ ಅವಕ್ಕೆ ಸಾವಿಲ್ಲ, ಅಲ್ಲೀತನಕ ನಮ್ಮ ಕಣ್ಣಿಗೆ ನಿದ್ದೆ ಇಲ್ಲ' ಅಂತಿದ್ರಲ್ಲ. ಇನ್ನು ನೀವು ನಿಶ್ಚಿಂತೆಯಾಗಿ ನಿದ್ದೆ ಮಾಡಿ ಅತ್ತೆ. ನೆಮ್ಮದಿಯಾಗಿ.

ಏನದು, ಬೆರಳು… ಚಿವುಟಿ ತೆಗೆಯೋದಾ? ಸತ್ತು ಬಿಳಿಯಾದದ್ದನ್ನ ಪೈಪಲ್ಲಿ ಎಳೆದು ತೆಗೀತಿದ್ದೀನಾ ಅಂತಾನಾ? ಹಾಂ… ಇಲ್ಲ, ತೆಗೆಯೋಕೆ ಏನಿದೆ? ಈ ಸಲ ಒಂದೂ ಸತ್ತಿಲ್ಲ ಅತ್ತೆ. ಹೌದು, ಒಂದೂ. ನಂಗೇ ಆಶ್ಚರ್ಯ. ನಿಮ್ಮ ಮಗ ಕೂಡ ಮೂಗಿನ ಮೇಲೆ ಬೆರಳಿಟ್ಕೊಂಡ್ರು.

ಏನು? ಇನ್ನೊಂದು ಸಲ ಮಾಡಿ ತೋರಿಸಿ… ಹೆಬ್ಬೆರಳು, ತೋರುಬೆರಳು… ಕೊಕ್ಕು? ಬಾಯಿ? ಓ, ಕಚ್ಚಾಟ! ಒಂದನ್ನೊಂದು ತಿಂತಿವೆಯಾ ಅಂತ. ಇಲ್ಲಪ್ಪ! ಎಲ್ಲಾ ಸಾಧು. ಎಲ್ಲಾ ಒಂದೇ ಅಳತೆ, ಅಚ್ಚಲ್ಲಿ ಎರಕ ಹೊಯ್ದ ಹಾಗೆ. ಒಂದು ದೊಡ್ಡದಿಲ್ಲ, ಒಂದು ಚಿಕ್ಕದಿಲ್ಲ. ಜರಡಿ ಹಿಡಿದು ಬೇರೆ ಮಾಡೋ ಕೆಲಸಾನೇ ಬೀಳಲಿಲ್ಲ ನಂಗೆ. ಎಂಥಾ…

ಯಾಕೆ?

ಯಾಕೆ ಕೈ ಹಾಗೆ ಗಟ್ಟಿ ಮಾಡಿದ್ರಿ?

ಅಂದ್ರೆ… ಒಂದೆರಡು ಇರಬಹುದು. ಇರ್ತವೆ ಅಲ್ವಾ, ಪುಂಡ ಪೋಕರಿಗಳು. ಒಂದೆರಡು ಪಕ್ಕದ ಮರಿಯನ್ನ ಬಾಲದಿಂದ ನುಂಗಿ, ಬಾಯಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಇಟ್ಕೊಂಡು ಓಡಾಡ್ತಿದ್ದವು. ಹೌದು ಹೌದು, ನೋಡಿದೆ. ನಿಮಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ. ಸತ್ತದ್ದೂ ಕೂಡ… ಸ್ವಲ್ಪ ಸತ್ತಿವೆ. ಯಾವ ಸಲ ಸಾಯಲ್ಲ ಹೇಳಿ? ನೀವೇ ಅಂತೀರಲ್ಲ, ಒಂದೂ ಸಾಯದ ತೊಟ್ಟಿ ನಾನು ಹುಟ್ಟಿದಾಗಿಂದ ನೋಡಿಲ್ಲ ಅಂ… 

ಅಂತ.

ಜಡೆ ಮುಗೀತು ನೋಡಿ. ಎಷ್ಟು ಚೆನ್ನಾಗಿ ಬಂದಿದೆ. ಕನ್ನಡಿ ಕೊಡಲಾ? ಬೇಡ್ವಾ. ಮತ್ತೇನು? ಆ ಬಟ್ಟಲಾ? ಹಾಲು ಕುಡೀತೀರಾ? ಅಲ್ಲ… ಅದ್ಯಾಕೆ ನನ್ನ ಕೈಗೆ ತುರುಕ್ತೀರಿ? ನಂಗೆ ಬೇಡ, ನಂದು ತಿಂಡಿ ಆಯ್ತು.

ಓ.

ಇದರಲ್ಲಿ ತರಬೇಕಾ? ಒಂದೆರಡು ಮರಿ, ನೋಡೋಕೆ?

ತರ್ತೀನಿ. ತರ್ತೀನಿ ಅತ್ತೆ, ಯಾಕಿಲ್ಲ. ಇವತ್ತೇನು ಅವಸರ? ಹೊರಗೆ ಬಿಸಿಲು ಸುಡ್ತಿದೆ, ಶೆಡ್ಡಿಂದ ಮನೇತನಕ ತರೋ ಹೊತ್ತಿಗೆ ನೀರು ಕಾದು… ಬೆಳಕು ಬೇರೆ, ಅವಕ್ಕೆ ಬೆಳಕು ಆಗಲ್ಲ… ಮುಚ್ಚಿಕೊಂಡು ತರಬಹುದು, ಹೌದು. ಆದ್ರೂ ಕುಲುಕಾಟ… ನಿಮ್ಮ ಮಗನಿಗೆ ಹೇಳ್ತೀನಿ, ಅವರು ಗಾಡಿಯಲ್ಲಿ… ಇಲ್ಲಾಂದ್ರೆ ನೀವು ಕುರ್ಚಿಯಲ್ಲಿ ಕೂರೋ ಹಾಗಾದ ಮೇಲೆ ನಿಮ್ಮನ್ನೇ ಅಲ್ಲಿಗೆ…

ಯಾಕೆ ಹಾಗೆ ನೋಡ್ತೀರಿ ಅತ್ತೆ?

ನೋಡಬೇಡಿ ಹಾಗೆ. ನಂಗೆ ಅದೊಂದು ಆಗಲ್ಲ. ಬೈರಿ, ಬಟ್ಟಲು ಎಸೀರಿ, ಹೀಗೆ ಮಾತ್ರ ನೋಡಬೇಡಿ. ಕೈಯಾದ್ರೂ ಅದುಮಿ. ಬೆರಳಾದ್ರೂ ಆಡಿಸಿ. ಏನೋ ಒಂದು ಮಾಡಿ… ಇಷ್ಟು ಹೊತ್ತು ಅದು ಕೇಳಿದ್ರಿ, ಇದು ಕೇಳಿದ್ರಿ, ಇವಾಗ ಯಾಕೆ ಏನೂ ಕೇಳ್ತಿಲ್ಲ?

ಗೊತ್ತಾಯ್ತಾ?

…

ಬೆಳ್ಳಗಾಗಿತ್ತು ಅತ್ತೆ. ತೊಟ್ಟಿ ಪೂರ್ತಿ. ನೆಲದಲ್ಲಿ ಹತ್ತಿ ಹಾಸಿದ ಹಾಗೆ.

ಇವತ್ತಲ್ಲ, ನಿನ್ನೆಯಲ್ಲ. ನೀವು ಬಿದ್ದ ದಿನವೇ.

ಕರೆಂಟು ಹೋಗಿತ್ತಲ್ಲ ಅವತ್ತು. ನೀರಿನ ಮೋಟರು ನಿಂತು, ಗಾಳಿಗುಳ್ಳೆ ನಿಂತು, ಶೆಡ್ಡಿಗೆ ಶೆಡ್ಡೇ ಸದ್ದಡಗಿ ಹೋಯ್ತು. ನೀವು ಜನರೇಟರ್ ಹಗ್ಗ ಎಳೀತಿದ್ರಿ. ಆ ಹಾಳಾದ್ದು ನಿಮ್ಮ ಕೈಗೆ ಬಿಟ್ರೆ ಯಾರ ಕೈಗೂ ಬಗ್ತಿರಲಿಲ್ಲ. ನಾನು ಆಚೆ ಜಾಲರಿ ತೊಳೀತಿದ್ದೆ. ಒಂದು ಸಲ ಎಳೆದ ಸದ್ದು ಬಂತು. ಇನ್ನೊಂದು ಸಲ ಬಂತು. ಆಮೇಲೆ ಧೊಪ್ಪ್ ಅಂತ… ಓಡಿ ಬಂದು ನೋಡ್ತೀನಿ, ನೀವು ನೆಲದಲ್ಲಿ. ಬಾಯಿ ಒಂದು ಕಡೆ ಎಳ್ಕೊಂಡಿದೆ, ಒಂದು ಕಣ್ಣು ಮುಚ್ಚಲ್ಲ. 'ನೀರು' ಅಂದ್ರಿ.

ಅಷ್ಟೇ. ಅದೇ ಕೊನೆ. ಆಮೇಲೆ ನಿಮ್ಮ ಬಾಯಿಂದ ಮಾತು ಬಂದಿಲ್ಲ.

ಡಾಕ್ಟರಿಗೆ, ನಿಮ್ಮ ಮಗನಿಗೆ, ನೋಡೋಕೆ ಬಂದ ಎಲ್ಲರಿಗೂ ನಾನು ಏನು ಹೇಳಿದೆ ಗೊತ್ತಾ? 'ಪಾಪ, ಬಾಯಾರಿತ್ತು, ನೀರು ಕೇಳಿದ್ರು, ಒಂದು ಗುಟುಕು ಕೊಡೋಕೂ ಆಗಲಿಲ್ಲ ನಂಗೆ' ಅಂತ. ಎಲ್ಲರೂ ಕಣ್ಣೊರೆಸ್ಕೊಂಡ್ರು. ನೀವು ಅಲ್ಲೇ ಹಾಸಿಗೆಯಲ್ಲಿ ಮಲಗಿ ಕೇಳಿಸ್ಕೊಳ್ತಿದ್ರಿ. ನಾನು ನಿಮ್ಮ ಕಡೆ ತಿರುಗಿ ನೋಡಲಿಲ್ಲ.

ಯಾವ ನೀರು ಅಂತ ನಂಗೆ ಗೊತ್ತಿರಲಿಲ್ವಾ ಅತ್ತೆ? ಕುಡಿಯೋ ನೀರಿನ ಕೊಡ ಬಾಗಿಲ ಹತ್ರ ಇತ್ತು. ನಿಮ್ಮ ಕೈ ತೋರಿಸಿದ್ದು ತೊಟ್ಟಿ ಕಡೆ. ಮೊದಲು ತೊಟ್ಟಿ ನೋಡು, ನನ್ನ ಬಿಡು ಅಂತ. ಎತ್ತೋಕೆ ಬಂದ್ರೆ ನನ್ನ ದೂಡಿದ್ರಿ. ಅರ್ಧ ಮೈಗೆ ಮಾತ್ರ ಬಲ ಇತ್ತು, ಆ ಅರ್ಧ ಬಲದಲ್ಲೇ ದೂಡಿದ್ರಿ, ನಾನು ಹಿಂದಕ್ಕೆ ಬಿದ್ದೆ. ಎಷ್ಟು ಸಿಟ್ಟಿತ್ತು ಆ ಕಣ್ಣಲ್ಲಿ!

ನಂಗೆ ಪೂರ್ತಿ ಅರ್ಥ ಆಗಿತ್ತು.

ಆದ್ರೂ ಎತ್ಕೊಂಡೆ. ಎತ್ಕೊಂಡೆ ಅಂದ್ರೆ… ಎಳ್ಕೊಂಡೆ. ಕಂಕುಳಿಗೆ ಕೈ ಹಾಕಿ ದರದರ ಎಳ್ಕೊಂಡು ಹೋಗಿ ಗೂಡ್ಸ್ ಆಟೋಗೆ ಹಾಕಿದೆ. ಮರಿ ಸಾಗಿಸೋ ಕ್ರೇಟುಗಳ ಮಧ್ಯೆ. ತಲೆ ಕೆಳಗೆ ಒದ್ದೆ ಗೋಣಿಚೀಲ. ನಿಮ್ಮ ಮಗ ಪಕ್ಕದೂರಿಗೆ ಹೋಗಿದ್ರು, ಯಾರನ್ನ ಕೂಗಲಿ? ನಾನು ಆ ಆಟೋ ಶೆಡ್ಡಿನ ಅಂಗಳದಲ್ಲಿ ಹಿಂದೆ ಮುಂದೆ ಮಾಡಿದ್ದು ಬಿಟ್ರೆ ರಸ್ತೆಗೆ ಇಳಿಸಿದ್ದೇ ಇಲ್ಲ. ಹಾರ್ನ್ ಮೇಲಿಂದ ಕೈ ತೆಗೀದೆ ಓಡಿಸಿದೆ. ಹಿಂದಿಂದ ನಿಮ್ಮ ಕಾಲು ತಗಡಿಗೆ ಬಡೀತಿತ್ತು, ಡಬ್ ಡಬ್ ಅಂತ. ಕಾಲು ಬಡೀತಿದೆ ಅಂದ್ರೆ ಜೀವ ಇದೆ, ಬಡೀಲಿ, ಬಡೀಲಿ ಅಂದ್ಕೊಂಡು…

ಇನ್ನು ಸ್ವಲ್ಪ ತಡ ಆಗಿದ್ರೆ ಕೈ ಮೀರಿ ಹೋಗ್ತಿತ್ತು ಅಂದ್ರು ಆಸ್ಪತ್ರೆಯಲ್ಲಿ. ಆ ಸ್ವಲ್ಪ ಅಂದ್ರೆ ಎಷ್ಟು ಅಂತ ನಾನು ಕೇಳಲಿಲ್ಲ. ಕೇಳಬಾರದು ಅಂತಲೇ ಕೇಳಲಿಲ್ಲ. ಹಗ್ಗ ಎಳೆಯೋಷ್ಟಾ? ಒಂದು ಸಲ ಎಳೆದು ನೋಡೋಷ್ಟು ಹೊತ್ತು ಇತ್ತಾ? ಮಲಗಿದ್ರೆ ಅದೇ, ಎದ್ರೆ ಅದೇ. ಎಳೆದಿದ್ರೂ ಅದು ನನ್ನ ಕೈಗೆ ಹತ್ತಿಕೊಳ್ತಿತ್ತಾ? ಹತ್ತಿಕೊಳ್ತಿರಲಿಲ್ಲ. ಹತ್ತಿಕೊಳ್ತಿರಲಿಲ್ಲ ಅಲ್ವಾ ಅತ್ತೆ?

ನಿಮ್ಮ ಮಗ ಸಾಯಂಕಾಲ ಶೆಡ್ಡಿಗೆ ಹೋಗಿ ಬಂದ್ರು. ವಾರ್ಡಿನ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದ್ರು, ಅಷ್ಟೇ. ಮರುದಿನ ನಾನು ಹೋದೆ. ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಯಾವಾಗಲೂ ಇರೋ ಹಾಗೇ. ಮೊದಲಿಗೆ ಬದುಕಿವೆ ಅಂದ್ಕೊಂಡೆ. ಕೈ ಹಾಕಿದ್ರೆ ಲೋಳೆ. ನೀರಲ್ಲಿ ಉಸಿರು ಮುಗಿದಿತ್ತು, ಮೇಲೆ ಬಂದು ಗಾಳಿ ಕುಡಿಯೋದು ಅವಕ್ಕಿನ್ನೂ ಬರ್ತಿರಲಿಲ್ಲ. ಪೈಪಲ್ಲಿ ಎಳೆದು ಚೆಲ್ಲೋಕೆ ಮನಸ್ಸಾಗಲಿಲ್ಲ ನಂಗೆ. ಗರಿಯಲ್ಲಿ ಒಟ್ಟು ಮಾಡಿ, ಬೋಗುಣಿಗೆ ತುಂಬಿ, ಕೊಳದ ಕಟ್ಟೆ ಹತ್ರ… ಮಚ್ಚೆಯವಳನ್ನ ಹೂತಿದ್ರಲ್ಲ ನೀವು, ಅಲ್ಲೇ ಪಕ್ಕದಲ್ಲಿ. 

ಅವರು ಒಳ್ಳೆಯವರು, ನಿಮ್ಮ ಮಗ. ನನ್ನ ಬೆನ್ನು ಸವರಿ 'ಮೀನು ತಾನೆ, ಮತ್ತೆ ಮಾಡಿದ್ರಾಯ್ತು, ಅಮ್ಮ ಉಳಿದ್ಲಲ್ಲ' ಅಂದ್ರು. ಸರಿಯಾಗೇ ಅಂದ್ರು. ಅಮ್ಮನಿಗೆ ಹೇಳಬೇಡ, ಎದೆ ಒಡ್ಕೊಳ್ತಾಳೆ ಅಂತಲೂ ಅಂದ್ರು. ನಾನು ಹೂಂ ಅಂದೆ. ಅವರ ಮುಂದೆ ಇನ್ನು ಅಳೋದು ಹೇಗೆ? ಮೀನುಮರಿಗೆ ಕೂತು ಅಳೋಳನ್ನ ನೋಡಿದೋರು ಏನಂತಾರೆ? ಆ ಅಳು ಅರ್ಥ ಆಗೋರು ಒಬ್ಬರೇ. ನೀವು. ನಿಮ್ಮ ಮುಂದೆ ಅಳೋ ಹಾಗಿಲ್ಲ.

ನಿಮಗೆ ಎಚ್ಚರ ಆದ ದಿನ ಕಣ್ಣಲ್ಲೇ ಕೇಳಿದ್ರಿ. ಬೇರೇನೂ ಅಲ್ಲ, ನಾನು ಎಲ್ಲಿದ್ದೀನಿ ಅಂತಲೂ ಅಲ್ಲ, ಅದನ್ನೇ ಕೇಳಿದ್ರಿ. 'ಚೆನ್ನಾಗಿವೆ' ಅಂದೆ. ಅಷ್ಟಕ್ಕೇ ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು. ಮಾರನೇ ದಿನ ಮತ್ತೆ ಕೇಳಿದ್ರಿ. 'ತಿನ್ನೋಕೆ ಕಲಿತವು' ಅಂದೆ. ಆ ದಿನ ಮೊದಲ ಸಲ ನೀವು ನುಂಗಿದ್ರಿ ಅತ್ತೆ, ಚಮಚದಲ್ಲಿ ಕೊಟ್ಟದ್ದನ್ನ. ಅದನ್ನ ನೋಡಿದ ಮೇಲೆ ನಾನು ಹೇಗೆ ನಿಲ್ಲಿಸಲಿ? ದಿನಾ ಒಂದಿಷ್ಟು ಬೆಳೆಸಿದೆ. ಹೇಳ್ತಾ ಹೇಳ್ತಾ ಅವು ನಂಗೇ ಕಾಣೋಕೆ ಶುರುವಾದವು. ಖಾಲಿ ತೊಟ್ಟಿ ಮುಂದೆ ಹೋಗಿ ಕೂತ್ಕೊಳ್ತಿದ್ದೆ. ಇದ್ದಿದ್ರೆ ಇವತ್ತಿಗೆ ಎಷ್ಟುದ್ದ ಆಗಿರ್ತಿದ್ದವು, ಮೀಸೆ ಬರ್ತಿತ್ತಾ, ಇವತ್ತು ಮೇಲೆ ಬರ್ತಿದ್ದವಾ ಅಂತ. ಅಲ್ಲಿ ಕೂತು ನೋಡ್ಕೊಂಡು ಬಂದು ಇಲ್ಲಿ ನಿಮಗೆ ಹೇಳ್ತಿದ್ದೆ. ಸಾಯಿಸೋಕೆ ಮಾತ್ರ ಆಗಲಿಲ್ಲ. ಒಂದನ್ನಾದ್ರೂ ಸಾಯಿಸಿದ್ರೆ ನಿಮಗೆ ಅನುಮಾನ ಬರ್ತಿರಲಿಲ್ಲ ಅಲ್ವಾ? ನನ್ನ ಕೈಲಿ ಆಗಲಿಲ್ಲ ಅತ್ತೆ. ಒಂದು ಸಲ ಸತ್ತದ್ದನ್ನ ಮತ್ತೆ ಹೇಗೆ…

ಹೇಳಿ. ನಾನು ಮಾಡಿದ್ದು ತಪ್ಪಾ?

ಕೈ ಇಲ್ಲೇ ಇದೆ ನೋಡಿ, ನಿಮ್ಮ ಕೈಯೊಳಗೇ ಇದೆ. ಹೌದು ಅಂತಾದ್ರೂ ಹೇಳಿ, ಅಲ್ಲ ಅಂತಾದ್ರೂ ಹೇಳಿ…

ಎರಡೂ ಇಲ್ವಾ.

ಆಯ್ತು. ತಿರುಗಿಸಿ, ಮುಖ ಆ ಕಡೆ ತಿರುಗಿಸಿ. ನನ್ನ ಜೊತೆ ಮಾತು ಬಿಡ್ತೀರಾ? ಬಿಡಿ… ಅಯ್ಯೋ, ಏನಂದೆ ನಾನು! ನೋಡಿ, ನನ್ನ ಬಾಯಿ… ಸಿಟ್ಟು ಮಾಡ್ಕೊಳ್ಳಿ, ಎಷ್ಟು ದಿನ ಬೇಕಾದ್ರೂ ಮಾಡ್ಕೊಳ್ಳಿ. ಆದ್ರೆ ಇದೊಂದು ಕೇಳಿಸ್ಕೊಳ್ಳಿ. ನಾಳೆ ನೀವು ಮತ್ತೆ ಅಲ್ಲೇ ಬಿದ್ರೂ, ಮತ್ತೆ ನನ್ನ ದೂಡಿದ್ರೂ, ತೊಟ್ಟಿ ತುಂಬ ಮರಿ ಇದ್ರೂ, ನಾನು ಎಳ್ಕೊಂಡು ಹೋಗೋದು ನಿಮ್ಮನ್ನೇ. ನಿಮಗೆ ಇಷ್ಟ ಇರಲಿ, ಬಿಡಲಿ. ನನ್ನ ಅಮ್ಮ ಸತ್ತಾಗ ನಾನು ಪಕ್ಕದಲ್ಲಿ ಇರಲಿಲ್ಲ. ನಿಮ್ಮನ್ನೂ ಬಿಟ್ಕೊಡು ಅಂದ್ರೆ ನಾನೆಲ್ಲಿಗೆ ಹೋಗಲಿ?

ಅತ್ತೆ?

ಭುಜ ಯಾಕೆ ಹಾಗೆ… ಅಳ್ತಿದ್ದೀರಾ? ಅಳಿ. ಸದ್ದು ಬರದಿದ್ರೆ ಪರವಾಗಿಲ್ಲ, ಸದ್ದು ನಾನು ಮಾಡ್ತೀನಿ. ಎಷ್ಟು ದಿನದಿಂದ ಗಂಟಲಲ್ಲಿ ಇಟ್ಕೊಂಡು ಓಡಾಡ್ತಿದ್ದೀನಿ… ಅವಕ್ಕೆ ಅಂತ ಅಳೋರು ಈ ಭೂಮಿ ಮೇಲೆ ನಾವಿಬ್ಬರೇ ಅತ್ತೆ.

ಸ್ವಲ್ಪ ಸರೀರಿ ಆ ಕಡೆಗೆ. ನಾನೂ ಮಲಗ್ತೀನಿ.

ಸರೀರಿ… ಇನ್ನೊಂಚೂರು.